ಸೊಪ್ಪಿಗೊಂದು ಕಾನೂನು, ಹೂವಿಗೊಂದು ಕಾನೂನು

ಎರಡು ವರ್ಷದ ಹಿಂದೆ, ನವೆಂಬರ್ ತಿಂಗಳ ಒಂದು ಮಧ್ಯಾಹ್ನ. ಸಕಲೇಶಪುರದ ಕಡೆ ಇರುವ ನನ್ನ ಸ್ನೇಹಿತ ಗೌಡ್ರ ಕಾಫಿ ತೋಟಕ್ಕೆ ಹೋಗಿದ್ದೆ. ಅರೇಬಿಕಾ ಕೊಯ್ಲು ಆಗಷ್ಟೇ ಶುರುವಾಗಿತ್ತು. ಕಣದ ಪಕ್ಕ ತೂಕದ ಯಂತ್ರ ಇಟ್ಟುಕೊಂಡು ರೈಟ್ರು ಯಾರ್ಯಾರದು ಎಷ್ಟೆಷ್ಟು ಕೆ.ಜಿ. ಹಣ್ಣು ಅಂತ ಬರೆಯುತ್ತಿದ್ದರು. ಇದ್ದಕ್ಕಿದ್ದಂತೆ ಪುಸ್ತಕ ಮಡಚಿ ಎದ್ದು ಬಂದರು. ಗೌಡ್ರ ಪಕ್ಕ ಬಗ್ಗಿ ಮೆಲ್ಲಗೆ ಹೇಳಿದರು. ಆಳುಗಳ ಲೈನ್ ಮನೆಗಳ ಹಿಂದೆ, ಗೊಬ್ಬರದ ಗುಂಡಿ ಹತ್ತಿರ, ಎರಡು ಗಿಡ ಎದ್ದಿವೆಯಂತೆ. ಆಳೆತ್ತರ.

"ಯಾವ ಗಿಡ ರೈಟ್ರೇ?"

"ಅದೇ ಸರ್, ಸೊಪ್ಪು."

ಗೌಡ್ರು ಮೊದಲು ಹೇಳಿದ್ದು, "ಕಿತ್ತು ಗುಂಡಿಗೆ ಹಾಕಿ, ಮಣ್ಣು ಮುಚ್ಚಿ" ಅಂತ. ಯಾರಾದರೂ ಅದನ್ನೇ ಹೇಳುತ್ತಿದ್ದರು. ಆದರೆ ಹಾಸನದಲ್ಲಿ ವಕೀಲರಾಗಿರುವ ಅವರ ಷಡ್ಡಕರಿಗೆ ಫೋನ್ ಮಾಡಿದಾಗ ಬೇರೆಯೇ ಮಾತು ಬಂತು. "ಕೀಳಬೇಡಿ ಭಾವ. ಮೊದಲು ಸ್ಟೇಷನ್‌ಗೆ ಫೋನ್ ಮಾಡಿ."

ಮಾದಕ ವಸ್ತುಗಳನ್ನು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 46ನೇ ಸೆಕ್ಷನ್ ಹೇಳುವುದು ಇಷ್ಟೆ. ನಿಮ್ಮ ಜಮೀನಿನಲ್ಲಿ ಯಾರೋ ಗಾಂಜಾ ಗಿಡ ಬೆಳೆಸಿದ್ದಾರೆ ಎಂದು ನಿಮಗೆ ಗೊತ್ತಾದರೆ ತಕ್ಷಣ ಪೊಲೀಸರಿಗೋ ಅಬಕಾರಿಯವರಿಗೋ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಜಮೀನಿನವರಿಗೇ ಶಿಕ್ಷೆ. ಗಿಡ ನೆಟ್ಟವರು ಯಾರು ಎನ್ನುವುದು ಆಮೇಲಿನ ಮಾತು. ನೂರಾರು ಎಕರೆ ತೋಟ, ಕಾಡಿಗೆ ಅಂಟಿಕೊಂಡ ಬೇಲಿ, ವರ್ಷಕ್ಕೊಂದು ತಂಡ ಬಂದು ಹೋಗುವ ಲೈನ್ ಮನೆ ಇರುವ ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ಆದರೂ ಈ ಸೆಕ್ಷನ್ ಬಗ್ಗೆ ತೋಟದವರಲ್ಲಿ ಹತ್ತಕ್ಕೆ ಒಬ್ಬರಿಗೂ ಗೊತ್ತಿದ್ದಂತೆ ನನಗೆ ಕಂಡಿಲ್ಲ.

ಪೊಲೀಸರು ಬಂದರು. ತಹಶೀಲ್ದಾರರು ಬರುವಷ್ಟರಲ್ಲಿ ಸಂಜೆಯಾಗಿತ್ತು. ಗಿಡ ಕಿತ್ತು, ಮಣ್ಣು ಕೊಡವಿ, ಬಾಳೆ ನಾರಿನಲ್ಲಿ ಕಟ್ಟಿ, ಕಾಫಿ ಹಣ್ಣು ತೂಗುತ್ತಿದ್ದ ಅದೇ ಯಂತ್ರದ ಮೇಲೆ ಇಟ್ಟರು. ಬೇರು, ಕಾಂಡ, ಎಲೆ, ಹೂವು ಎಲ್ಲ ಸೇರಿ 3 ಕೆ.ಜಿ. 200 ಗ್ರಾಂ. ಮಹಜರು ಬರೆದರು. ಪಂಚರಲ್ಲಿ ನಾನೂ ಒಬ್ಬ. ಸುಮ್ನೆ ಕಾಫಿ ಕುಡಿಯಲು ಹೋಗಿದ್ದವನು ಸಹಿ ಹಾಕಿ ಬಂದೆ.

ದಾರಿಯುದ್ದಕ್ಕೂ ಒಂದೇ ಪ್ರಶ್ನೆ ತಲೆಯಲ್ಲಿ ಕುಳಿತಿತ್ತು. ಆ 3 ಕೆ.ಜಿ. 200 ಗ್ರಾಂನಲ್ಲಿ ಗಾಂಜಾ ಎಷ್ಟು?

ಎಲೆ ಬೇರೆ, ತೆನೆ ಬೇರೆ

ನಮ್ಮ ಹುಡುಗರು ಗಾಂಜಾಕ್ಕೆ 'ಸೊಪ್ಪು' ಅನ್ನುತ್ತಾರೆ. ತಮಾಷೆ ಏನೆಂದರೆ, ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದರೆ ಏನು ಎಂದು ಹೇಳುವಾಗ ಸೊಪ್ಪನ್ನೇ ಹೊರಗಿಟ್ಟಿದೆ. ಕಾಯ್ದೆ ಪ್ರಕಾರ ಗಾಂಜಾ ಎಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿ. ನಮ್ಮ ಮಾತಲ್ಲಿ ತೆನೆ ಅನ್ನಬಹುದು. ಆ ತುದಿಯ ಜೊತೆ ಇಲ್ಲದ ಬರೀ ಎಲೆ, ಬರೀ ಬೀಜ ಈ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಗಿಡದ ಅಂಟನ್ನು ತಿಕ್ಕಿ ತೆಗೆದದ್ದು ಚರಸ್. ಅದಕ್ಕೆ ಇನ್ನೂ ಬಿಗಿ ಲೆಕ್ಕ.

ಎಲೆ ಅರೆದು ಮಾಡುವುದು ಭಂಗಿ. ಹಿಂದಿಯವರ ಭಾಂಗ್. ಕಾಶಿಗೆ ಹೋಗಿ ಬಂದವರು ಶಿವರಾತ್ರಿಯ ಠಂಡಾಯಿ ಕಥೆ ಹೇಳುತ್ತಾರಲ್ಲ, ಅದು. ರಾಜಸ್ಥಾನ, ಮಧ್ಯಪ್ರದೇಶ, ಉತ್ತರಪ್ರದೇಶದಲ್ಲಿ ಇದನ್ನು ಮಾರಲು ಅಬಕಾರಿ ಇಲಾಖೆಯೇ ಲೈಸೆನ್ಸ್ ಕೊಡುತ್ತದೆ. ಜೈಸಲ್ಮೇರ್ ಕೋಟೆ ಬಾಗಿಲ ಹತ್ತಿರ ಸರ್ಕಾರಿ ಮಾನ್ಯತೆಯ ಭಾಂಗ್ ಅಂಗಡಿ ಎಂದು ಬೋರ್ಡ್ ಹಾಕಿಕೊಂಡೇ ವ್ಯಾಪಾರ ನಡೆಯುತ್ತದೆ. ನಮ್ಮ ರಾಜ್ಯದಲ್ಲಿ ಅಂಥ ಅಂಗಡಿ ಇಲ್ಲ. ಆದರೆ 2022ರಲ್ಲಿ ಬೆಂಗಳೂರಿನ ಒಂದು ಪ್ರಕರಣ ಹೈಕೋರ್ಟಿಗೆ ಬಂತು. ಆರೋಪಿಯ ಬಳಿ ಸಿಕ್ಕಿದ್ದು 29 ಕೆ.ಜಿ. ಭಾಂಗ್ ಮತ್ತು 400 ಗ್ರಾಂ ಗಾಂಜಾ. ಭಾಂಗ್ ಎನ್‌ಡಿಪಿಎಸ್ ಕಾಯ್ದೆಯಲ್ಲಿ ನಿಷೇಧಿತ ವಸ್ತು ಎಂದು ಎಲ್ಲೂ ಹೇಳಿಲ್ಲ, ಅದು ಗಾಂಜಾದಿಂದ ಅಥವಾ ಚರಸ್‌ನಿಂದ ಮಾಡಿದ್ದು ಎಂದು ತೋರಿಸುವ ದಾಖಲೆಯೂ ಇಲ್ಲ ಎಂದು ಹೇಳಿ ಕರ್ನಾಟಕ ಹೈಕೋರ್ಟ್ ಆತನಿಗೆ ಜಾಮೀನು ಕೊಟ್ಟಿತು. ಅದು ಜಾಮೀನಿನ ಆದೇಶ ಅಷ್ಟೇ. ಆದರೆ ವಾಟ್ಸಾಪಿನಲ್ಲಿ ಅದು "ಭಂಗಿಗೆ ಹೈಕೋರ್ಟ್ ಗ್ರೀನ್ ಸಿಗ್ನಲ್" ಆಗಿ ಓಡಾಡಿತು. ಹಾಗಂತ ನಾಳೆ ಬೇಲೂರು ರಸ್ತೆಯಲ್ಲಿ ಲಸ್ಸಿ ಅಂಗಡಿ ತೆಗೆಯಲು ಹೋಗಬೇಡಿ. ಎಲೆ ಮಾರುವುದಕ್ಕೂ ರಾಜ್ಯದ ಅಬಕಾರಿಯ ಅಪ್ಪಣೆ ಬೇಕು.

ಗಿಡ ನೆಡುವುದಂತೂ ಸಂಪೂರ್ಣ ಬೇರೆ ಅಪರಾಧ. ಅಲ್ಲಿ ಎಲೆಯೋ ತೆನೆಯೋ ಎಂಬ ಪ್ರಶ್ನೆಯೇ ಇಲ್ಲ. ಅನುಮತಿ ಇಲ್ಲದೆ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಒಂದು ಗಿಡವೋ ನೂರು ಗಿಡವೋ, ಸೆಕ್ಷನ್ ಒಂದೇ. ಕೊಯ್ದು ಒಣಗಿಸಿ ಇಟ್ಟುಕೊಂಡರೆ ಆಗ ತೂಕದ ಆಟ ಶುರು. 1 ಕೆ.ಜಿ.ವರೆಗೆ ಸಣ್ಣ ಪ್ರಮಾಣ, 1 ವರ್ಷದವರೆಗೆ ಸಜೆ. 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ. ಆಗ ಕನಿಷ್ಠ 10 ವರ್ಷ, ಗರಿಷ್ಠ 20. ಜಾಮೀನು ಸಿಗುವುದೂ ಬಲು ಕಷ್ಟ, ಯಾಕೆಂದರೆ ಈತ ತಪ್ಪಿತಸ್ಥ ಅಲ್ಲ ಎಂದು ನಂಬಲು ಕಾರಣ ಇದೆ ಅಂತ ನ್ಯಾಯಾಧೀಶರಿಗೆ ಮೊದಲೇ ಅನ್ನಿಸಬೇಕು. ನಡುವಿನದಕ್ಕೆ 10 ವರ್ಷದವರೆಗೆ.

ಈಗ ಆ ತೂಕದ ಯಂತ್ರಕ್ಕೆ ವಾಪಸ್ ಬನ್ನಿ. ಗೋಣಿಚೀಲದಲ್ಲಿ ಕಾಂಡ, ಎಲೆ, ಬೇರು ಎಲ್ಲ ತುಂಬಿ 22 ಕೆ.ಜಿ. ಎಂದು ಬರೆದರೆ ಮನುಷ್ಯ ವರ್ಷಗಟ್ಟಲೆ ಒಳಗೆ. ತೆನೆ ಮಾತ್ರ ಬಿಡಿಸಿ ತೂಗಿದರೆ 4 ಕೆ.ಜಿ. ಬರಬಹುದು. ಕೋರ್ಟುಗಳಲ್ಲಿ ಈ ವಾದ ಮತ್ತೆ ಮತ್ತೆ ಬರುತ್ತದೆ, ಎಷ್ಟೋ ಸಲ ಜಾಮೀನು ಸಿಗುವುದೂ ಇದರ ಮೇಲೆಯೇ. ಕಾಫಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಹಣ್ಣಿನ ತೂಕ ಬೇರೆ, ಚೆರಿ ಒಣಗಿದ ಮೇಲಿನ ತೂಕ ಬೇರೆ, ಸಿಪ್ಪೆ ತೆಗೆದ ಬೇಳೆಯ ತೂಕ ಬೇರೆ. ಹಣ್ಣು ತೂಗಿ ಬೇಳೆಯ ರೇಟು ಕೊಡಿ ಎಂದರೆ ಯಾವ ವ್ಯಾಪಾರಿ ಒಪ್ಪುತ್ತಾನೆ?

ಹಿಂದೆ ಇದು ಅಂಗಡಿಯಲ್ಲೇ ಸಿಗುತ್ತಿತ್ತು

ಗಾಂಜಾ ಎಂದರೆ ಅನಾದಿ ಕಾಲದಿಂದ ನಿಷೇಧ ಎಂದು ತುಂಬಾ ಜನ ತಿಳಿದಿದ್ದಾರೆ. ಈ ನಿಷೇಧಕ್ಕೆ ಇನ್ನೂ ಐವತ್ತು ವರ್ಷ ತುಂಬಿಲ್ಲ. ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಅದಕ್ಕೂ ಮೊದಲು ಇದು ಅಬಕಾರಿ ಸರಕು. ಮೈಸೂರು ಸಂಸ್ಥಾನದ ಅಬಕಾರಿ ಲೆಕ್ಕದಲ್ಲಿ ಸಾರಾಯಿ, ಹೆಂಡದ ಜೊತೆ ಗಾಂಜಾ, ಅಫೀಮಿನ ಬಾಬತ್ತೂ ಇರುತ್ತಿತ್ತು. ಲೈಸೆನ್ಸ್ ಇದ್ದವನು ಮಾರುತ್ತಿದ್ದ, ಸರ್ಕಾರ ಸುಂಕ ಎಣಿಸಿಕೊಳ್ಳುತ್ತಿತ್ತು.

ಈ ಬಗ್ಗೆ ಒಂದು ದೊಡ್ಡ ತನಿಖೆಯೂ ನಡೆದಿತ್ತು. 1893ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. ಭಾರತದಲ್ಲಿ ಜನ ಗಾಂಜಾ ಸೇದಿ ಹುಚ್ಚರಾಗುತ್ತಿದ್ದಾರಂತೆ, ನಿಜವೇ ಎಂದು. ಅದಕ್ಕೆ ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಏಳು ಜನರ ಆಯೋಗ ಬಂತು. ಮೂವರು ಭಾರತೀಯರೂ ಇದ್ದರು. ಅವರು ದೇಶ ಸುತ್ತಿ 1,193 ಸಾಕ್ಷಿಗಳ ಹೇಳಿಕೆ ಪಡೆದರು. ಸಂಪುಟಗಟ್ಟಲೆ ವರದಿ ಬರೆದರು.

ಆ ವರದಿಯಲ್ಲಿ ನನಗೆ ಇಷ್ಟವಾದ ಭಾಗ ಹುಚ್ಚಾಸ್ಪತ್ರೆಗಳದ್ದು. ಆಸ್ಪತ್ರೆಯ ರಿಜಿಸ್ಟರಿನಲ್ಲಿ 'ಕಾರಣ' ಎಂಬ ಒಂದು ಕಾಲಂ. ಅದರಲ್ಲಿ ಸಾಲುಸಾಲಾಗಿ ಗಾಂಜಾ, ಗಾಂಜಾ ಎಂದು ಬರೆದಿತ್ತು. ಆಯೋಗದವರು ಒಂದೊಂದೇ ಪ್ರಕರಣ ಬಿಚ್ಚಿ ನೋಡಿದರು. ರೋಗಿಯನ್ನು ಕರೆತಂದ ಪೊಲೀಸರು ಏನೋ ಒಂದು ಕಾರಣ ಹೇಳಬೇಕಲ್ಲ, ಗಾಂಜಾ ಎಂದಿದ್ದರು. ಗುಮಾಸ್ತ ಹಾಗೇ ಬರೆದುಕೊಂಡಿದ್ದ. ಮೇಲಿನವರು ಅದನ್ನು ಕೂಡಿಸಿ ಅಂಕಿ ಅಂಶ ಮಾಡಿದ್ದರು! ನಮ್ಮ ಕಚೇರಿಗಳ ಕಾಲಂ ತುಂಬುವ ಪದ್ಧತಿ ಬಲ್ಲವರಿಗೆ ಇದೇನೂ ಹೊಸದಲ್ಲ.

ಕೊನೆಗೆ ಆಯೋಗ ಹೇಳಿದ್ದು, ಮಿತವಾಗಿ ಬಳಸುವವರಿಗೆ ಹೇಳಿಕೊಳ್ಳುವಂಥ ಹಾನಿ ಇಲ್ಲ, ಅತಿಯಾದರೆ ಹಾನಿ ಇದೆ, ನಿಷೇಧ ಬೇಡ. ಸುಂಕ ಹಾಕಿ, ಬೇಸಾಯಕ್ಕೆ ಲೈಸೆನ್ಸ್ ಇಡಿ, ಅಂಗಡಿ ಕಡಿಮೆ ಮಾಡಿ. ಇದನ್ನು ಇವತ್ತಿನವರು ವೇದವಾಕ್ಯದಂತೆ ಎತ್ತಿ ಹೇಳುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. 1894ರ ಗಾಂಜಾ ಬೇರೆ. ಇವತ್ತು ಬ್ಯಾಂಕಾಕ್‌ನಿಂದ ಸೂಟ್‌ಕೇಸಿನಲ್ಲಿ ಬಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವ, ಮಣ್ಣಿಲ್ಲದೆ ನೀರಿನಲ್ಲೇ ಬೆಳೆಸಿದ ಹೈಡ್ರೋ ಗಾಂಜಾ ಬೇರೆ. ಮತ್ತು ತಗೊಳ್ಳುವ ಹುಡುಗನಿಗೆ ಈಗ ಹದಿನೇಳು ವರ್ಷ. ಬೆಳೆಯುವ ವಯಸ್ಸಿನ ಮೆದುಳಿಗೆ ಇದು ಒಳ್ಳೆಯದಲ್ಲ ಎನ್ನುವುದರಲ್ಲಿ ವೈದ್ಯರಿಗೆ ಅನುಮಾನ ಇಲ್ಲ.

ಹಾಗಾದರೆ 1985ರಲ್ಲಿ ಬಾಗಿಲು ಹಾಕಿದ್ದು ಯಾಕೆ? 1961ರಲ್ಲಿ ವಿಶ್ವಸಂಸ್ಥೆಯಲ್ಲಿ ಮಾದಕ ವಸ್ತುಗಳ ಬಗ್ಗೆ ಒಂದು ಒಪ್ಪಂದ ಆಯಿತು. ಭಾರತ ಅಲ್ಲಿ ತಕರಾರು ಎತ್ತಿತು. ನಮ್ಮಲ್ಲಿ ಭಂಗಿ ಹಬ್ಬದ ಪದಾರ್ಥ, ಅದನ್ನು ಹೇಗೆ ನಿಲ್ಲಿಸುವುದು? ಹಾಗಾಗಿ ಎಲೆ ವ್ಯಾಖ್ಯೆಯಿಂದ ಹೊರಗುಳಿಯಿತು, ಗಾಂಜಾ ಬಳಕೆ ನಿಲ್ಲಿಸಲು 25 ವರ್ಷದ ವಾಯಿದೆ ಸಿಕ್ಕಿತು. ನಮ್ಮ ಕಾನೂನಿನಲ್ಲಿ ಸೊಪ್ಪು ಪಾರಾದ ಗುಟ್ಟು ಅಲ್ಲಿದೆ. ವಾಯಿದೆ ಮುಗಿಯುವ ಮೊದಲೇ ರಾಜೀವ್ ಗಾಂಧಿ ಸರ್ಕಾರ ಕಾಯ್ದೆ ತಂದಿತು. ಆಮೇಲೆ 2001ರಲ್ಲಿ ತಿದ್ದುಪಡಿ ಬಂದು ಈಗಿನ 1 ಕೆ.ಜಿ., 20 ಕೆ.ಜಿ. ಲೆಕ್ಕ ಶುರುವಾಯಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯಲು ಮತಕ್ಕೆ ಹಾಕಿದಾಗ 27-25ರಲ್ಲಿ ಗೆದ್ದಿತು. ಆ 27ರಲ್ಲಿ ಭಾರತವೂ ಒಂದು. ಅಲ್ಲಿ ಕೈ ಎತ್ತಿ ಬಂದವರು ಇಲ್ಲಿನ ಕಾಯ್ದೆಯಲ್ಲಿ ಗಾಂಜಾದ ಬಗ್ಗೆ ಒಂದು ಅಕ್ಷರ ಬದಲಿಸಲಿಲ್ಲ.

ಅಂಗಡಿ ತೆರೆದವರ ಕಥೆ

ಈಗ ಯೂಟ್ಯೂಬಿನಲ್ಲಿ ಒಂದು ಮಾತು ಜೋರಾಗಿ ಓಡುತ್ತಿದೆ. ಗಾಂಜಾ ಕಾನೂನುಬದ್ಧ ಆದರೆ ರೈತರಿಗೆ ಎಕರೆಗೆ ಲಕ್ಷ ಲಕ್ಷ ಅಂತೆ. ಶುಂಠಿಯಲ್ಲಿ ಕೈ ಸುಟ್ಟುಕೊಂಡವರು, ಅಂಗಮಾರಿ ಬಂದು ಆಲೂಗಡ್ಡೆ ಬಿಟ್ಟವರು ಇದನ್ನು ಕಿವಿಗೊಟ್ಟು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಅಂಗಡಿ ತೆರೆದ ದೇಶಗಳಲ್ಲಿ ಏನಾಯಿತು ಎಂದು ಆ ವಿಡಿಯೋಗಳು ಹೇಳುವುದಿಲ್ಲ.

ಅಮೆರಿಕದ ಆರೆಗನ್ ರಾಜ್ಯ ನೋಡಿ. 2014ರಲ್ಲಿ ಜನಮತದಿಂದ ಒಪ್ಪಿಗೆ ಸಿಕ್ಕಿತು, 2015ರ ಅಕ್ಟೋಬರಿನಿಂದ ದೊಡ್ಡವರಿಗೆ ಮಾರಾಟ. ಬೆಳೆಯುವ ಲೈಸೆನ್ಸಿಗೆ ಮಿತಿ ಇರಲಿಲ್ಲ. ಕೇಳಿದವರಿಗೆಲ್ಲ ಕೊಟ್ಟರು. 2019ರ ಜನವರಿ ಹೊತ್ತಿಗೆ ಅಲ್ಲಿನ ಇಲಾಖೆಯೇ ವರದಿ ಕೊಟ್ಟಿತು. ರಾಜ್ಯದ ಜನ ಆರು ವರ್ಷ ಸೇದಿದರೂ ಖಾಲಿಯಾಗದಷ್ಟು ಮಾಲು ಬೆಳೆದಿದೆ! ಪಕ್ಕದ ರಾಜ್ಯಕ್ಕೆ ಕಳಿಸೋಣ ಎಂದರೆ ಆಗದು, ಕೇಂದ್ರದ ಕಾನೂನಿನಲ್ಲಿ ಅದು ಇನ್ನೂ ಅಪರಾಧ. ಬೆಲೆ ಬಿತ್ತು. ಸಣ್ಣ ಬೆಳೆಗಾರರು ಮುಳುಗಿದರು. ಹೊಸ ಲೈಸೆನ್ಸ್ ನಿಲ್ಲಿಸಲು ಕಾನೂನು ಬಂದದ್ದು ಆಮೇಲೆ. 2023ರಲ್ಲಿ ಶುಂಠಿ ಬೆಲೆ ಆಕಾಶಕ್ಕೇರಿದ್ದು ನೋಡಿ ಗದ್ದೆಯನ್ನೂ ಬಿಡದೆ ಶುಂಠಿ ಹಾಕಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಕೆನಡಾ 2018ರ ಅಕ್ಟೋಬರ್ 17ರಂದು ಇಡೀ ದೇಶಕ್ಕೆ ಬಾಗಿಲು ತೆರೆಯಿತು. ಅಂಗಡಿ ಯಾರದ್ದು ಎನ್ನುವುದನ್ನು ಪ್ರಾಂತಗಳಿಗೆ ಬಿಟ್ಟರು. ಕ್ವಿಬೆಕ್‌ನಲ್ಲಿ ಸರ್ಕಾರಿ ಅಂಗಡಿ ಮಾತ್ರ, ನಮ್ಮ ಎಂಎಸ್‌ಐಎಲ್ ಇದ್ದ ಹಾಗೆ. ಆಲ್ಬರ್ಟಾದಲ್ಲಿ ಖಾಸಗಿಯವರದ್ದು. ಆಂಟಾರಿಯೋದಲ್ಲಿ ಮೊದಲ ಐದಾರು ತಿಂಗಳು ಆನ್‌ಲೈನ್ ಮಾತ್ರ, ಆಮೇಲೆ ಲಾಟರಿ ಎತ್ತಿ 25 ಅಂಗಡಿಗೆ ಲೈಸೆನ್ಸ್. ಲಾಟರಿ ಗೆದ್ದವರ ಮನೆ ಬಾಗಿಲಿಗೆ ದೊಡ್ಡ ಕಂಪನಿಗಳು ಓಡಿದವು. ಹಾಗಂತ ಆ ದೊಡ್ಡ ಕಂಪನಿಗಳೂ ಲಾಭದಲ್ಲಿ ತೇಲಲಿಲ್ಲ. ಷೇರು ಮೇಲೆ ಹೋಗಿ ಧಡ್ಡನೆ ಬಿತ್ತು.

ಉರುಗ್ವೆ ಇದಕ್ಕೆಲ್ಲ ಉಲ್ಟಾ. 2013ರಲ್ಲೇ ಕಾನೂನು ಮಾಡಿದರೂ ಔಷಧಿ ಅಂಗಡಿಗಳಲ್ಲಿ ಮಾರಾಟ ಶುರುವಾಗಿದ್ದು 2017ರಲ್ಲಿ. ಹೆಸರು ನೋಂದಾಯಿಸಿದ ದೇಶವಾಸಿಗೆ ಮಾತ್ರ, ತಿಂಗಳಿಗೆ 40 ಗ್ರಾಂ, ಬೆಲೆ ಸರ್ಕಾರದ್ದು, ಜಾಹೀರಾತು ಇಲ್ಲ, ಪ್ರವಾಸಿಗಳಿಗೆ ಇಲ್ಲ. ಒಂಥರಾ ರೇಷನ್ ಅಂಗಡಿ. ಸಪ್ಪೆ ಅನ್ನಿಸುತ್ತೆ, ಆದರೆ ನನಗೆ ಇರುವುದರಲ್ಲಿ ಇದೇ ಬುದ್ಧಿವಂತಿಕೆಯದು ಅನ್ನಿಸಿದೆ.

ನೆದರ್ಲೆಂಡ್ಸ್ ಬಗ್ಗೆ ಒಂದೇ ಮಾತು. ಅಲ್ಲಿ ಗಾಂಜಾ ಮಾರುವ ಅಂಗಡಿಗೆ 'ಕಾಫಿ ಶಾಪ್' ಎಂದು ಹೆಸರು. ಚಿಕ್ಕಮಗಳೂರಿನವರು ಆಂಸ್ಟರ್‌ಡ್ಯಾಂಗೆ ಹೋದರೆ ಬೋರ್ಡ್ ನೋಡಿ ಫಿಲ್ಟರ್ ಕಾಫಿ ಕೇಳಬೇಡಿ. 1976ರಿಂದ ಅಲ್ಲಿ ಮುಂಬಾಗಿಲಲ್ಲಿ ಮಾರುವುದನ್ನು ಕಂಡೂ ಕಾಣದಂತೆ ಬಿಟ್ಟಿದ್ದಾರೆ, ಹೆಚ್ಚಿನ ಊರುಗಳಲ್ಲಿ ಹಿಂಬಾಗಿಲಿಗೆ ಮಾಲು ತಂದು ಕೊಡುವುದು ಮಾತ್ರ ಅಪರಾಧ. ಹಾಗಾದರೆ ಮಾಲು ಎಲ್ಲಿಂದ ಬರಬೇಕು? ಕಳ್ಳರಿಂದಲೇ.

ಥಾಯ್ಲೆಂಡ್ ನಮಗೆ ಹತ್ತಿರದ ಪಾಠ. 2022ರ ಜೂನ್ 9ರಂದು ಗಾಂಜಾವನ್ನು ನಿಷೇಧದ ಪಟ್ಟಿಯಿಂದ ತೆಗೆದರು. ಅಂಗಡಿ ಹೇಗಿರಬೇಕು, ಯಾರಿಗೆ ಮಾರಬೇಕು ಎಂಬ ಕಾನೂನು ಮಾಡುವುದಕ್ಕೆ ಮೊದಲೇ ತೆಗೆದರು. ಬೀದಿಬೀದಿಯಲ್ಲಿ ಸಾವಿರಾರು ಅಂಗಡಿ ಎದ್ದವು. ಮೂರು ವರ್ಷಕ್ಕೆ ಬಿಸಿ ಮುಟ್ಟಿತು. 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ನಿಯಮ ತಂದರು. ಸಾಲ ಮಾಡಿ ಅಂಗಡಿ ಹಾಕಿದವರು ಬಾಯಿ ಬಾಯಿ ಬಿಟ್ಟರು. ಅಲ್ಲಿ ಸಿಗುತ್ತೆ ಅಂತ ಒಂದು ಪೊಟ್ಟಣ ಜೇಬಿಗೆ ಹಾಕಿಕೊಂಡು ವಿಮಾನ ಹತ್ತುವ ನಮ್ಮ ಹುಡುಗರಿಗೆ ಇಳಿಯುವುದು ಯಾವ ದೇಶದಲ್ಲಿ ಅಂತ ನೆನಪಿರಬೇಕು.

ನಮಗೆ ಗೊತ್ತಿಲ್ಲದ ವಿಷಯವೇ?

ಇಷ್ಟೆಲ್ಲ ಓದುವಾಗ ನನಗೆ ಅನ್ನಿಸಿದ್ದು ಬೇರೆ. ಹಾಸನ, ಚಿಕ್ಕಮಗಳೂರಿನವರಿಗೆ ಈ ಪಾಠ ಕಲಿಯಲು ಆರೆಗನ್ ಬೇಕಿಲ್ಲ. ಬೆಳೆಯುವವರು ಯಾರು, ಮಾರುವವರು ಯಾರು, ದುಡ್ಡು ಯಾರ ಕೈಗೆ ಎನ್ನುವುದನ್ನು ಸರ್ಕಾರ ತೀರ್ಮಾನಿಸಿದರೆ ಏನಾಗುತ್ತದೆ ಎಂದು ನಾವು ಅನುಭವಿಸಿದ್ದೇವೆ. ಒಂದಲ್ಲ, ಮೂರು ಸಲ.

ಮೊದಲು ಕಾಫಿ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ಕದ್ದು ತಂದು ನಮ್ಮ ಗಿರಿಯಲ್ಲಿ ನೆಟ್ಟರು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತಿರುವ ಕಥೆ. ಅಂದರೆ ನಮ್ಮ ಜಿಲ್ಲೆಯ ಐಶ್ವರ್ಯವೇ ಒಂದು ಕಳ್ಳಸಾಗಣೆ! 1511ರಲ್ಲಿ ಮೆಕ್ಕಾದಲ್ಲಿ ಕಾಫಿ ಕುಡಿಯುವುದನ್ನೇ ನಿಷೇಧಿಸಿದ್ದರು, ಅಮಲು ಬರುತ್ತೆ ಅಂತ. ಅದಿರಲಿ. ನಾನು ಹೇಳಹೊರಟದ್ದು ಪೂಲ್ ಕಾಲದ್ದು. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆಗಾರ ಬೆಳೆದಿದ್ದೆಲ್ಲ ಕಾಫಿ ಬೋರ್ಡಿನ ಪೂಲಿಗೆ. ಮನೆ ಖರ್ಚಿಗೆ, ಬೀಜಕ್ಕೆ ಒಂದಿಷ್ಟು ಇಟ್ಟುಕೊಳ್ಳಬಹುದು. ಪರ್ಮಿಟ್ ಇಲ್ಲದೆ ಮೂಟೆ ಸಾಗಿಸುವಂತಿಲ್ಲ. ತನ್ನ ತೋಟದ ಕಾಫಿಯನ್ನು ತಾನೇ ಮಾರಿದರೆ ಅಪರಾಧ. ದುಡ್ಡು ಪಾಯಿಂಟ್ ಲೆಕ್ಕದಲ್ಲಿ, ಕಂತು ಕಂತಾಗಿ, ಯಾವಾಗಲೋ. 1992ರಲ್ಲಿ ಸ್ವಲ್ಪ ಸಡಿಲ ಆಗಿ, 1996ರಲ್ಲಿ ಪೂರ್ತಿ ಬಿಡುಗಡೆ ಆಯಿತು. ಬಿಡುಗಡೆ ಆದ ಮೇಲೆ ಮೊದಲು ಒಳ್ಳೆ ಬೆಲೆ, 2000ದ ಆಸುಪಾಸಿನಲ್ಲಿ ಭಾರಿ ಕುಸಿತ. ಆಗ ಪೂಲ್ ಕಾಲ ಕಂಡ ಹಿರಿಯರೇ "ಪೂಲ್ ಇದ್ದಿದ್ರೆ ಚೆನ್ನಾಗಿತ್ತು" ಎಂದಿದ್ದನ್ನೂ ಕೇಳಿದ್ದೇನೆ.

ಎರಡನೆಯದು ಇನ್ನೊಂದು ಸೊಪ್ಪು. ಹೊಗೆಸೊಪ್ಪು. ಅರಕಲಗೂಡು ಕಡೆಯವರಿಗೆ ಇದು ಅನ್ನದ ಬೆಳೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಇಷ್ಟ ಬಂದ ಹಾಗೆ ಹೊಗೆಸೊಪ್ಪು ಬೆಳೆಯುವಂತಿಲ್ಲ. ರೈತ ನೋಂದಣಿ ಮಾಡಿಸಬೇಕು, ಸೊಪ್ಪು ಹದ ಮಾಡುವ ಬ್ಯಾರನ್‌ಗೆ ಲೈಸೆನ್ಸ್ ಬೇಕು, ಒಂದು ಬ್ಯಾರನ್ನಿಗೆ ಇಷ್ಟು ಕೆ.ಜಿ. ಎಂದು ಮಂಡಳಿ ಪ್ರತಿ ವರ್ಷ ನಿಗದಿ ಮಾಡುತ್ತದೆ. ಜಾಸ್ತಿ ಬೆಳೆದರೆ ದಂಡ. ಹರಾಜಿನ ಕಟ್ಟೆಯಲ್ಲಿ ಬೇಲುಗಳು ಸಾಲಾಗಿ ಕೂತಿರುತ್ತವೆ. ಕಂಪನಿಯವರು ಒಂದೊಂದರ ಮುಂದೆ ನಿಂತು ಸೊಪ್ಪು ಎಳೆದು, ಬಣ್ಣ ನೋಡಿ, ಮೂಸಿ ಮುಂದೆ ಹೋಗುತ್ತಾರೆ. ಆರು ತಿಂಗಳ ದುಡಿಮೆಯ ಬೆಲೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಕೊಳ್ಳುವವರು ಬೆರಳೆಣಿಕೆ, ಮಾರುವವರು ಸಾವಿರಾರು. ನಾಳೆ ಗಾಂಜಾಕ್ಕೆ ಲೈಸೆನ್ಸ್ ಬಂದರೆ ರೈತನ ಸ್ಥಿತಿ ಹೇಗಿರುತ್ತದೆ ಎಂದು ಕೇಳುವವರಿಗೆ ನಾನು ರಾಮನಾಥಪುರದ ಬಸ್ ಹತ್ತಿ ಎನ್ನುತ್ತೇನೆ.

ಮೂರನೆಯದು ಸಾರಾಯಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್. ಪ್ಯಾಕೆಟ್ ಹೋಯಿತು. ಕುಡಿಯುವವರು ಹೋಗಲಿಲ್ಲ. ಅಗ್ಗದ ವಿಸ್ಕಿ, ಬ್ರಾಂದಿಯ ಟೆಟ್ರಾ ಪ್ಯಾಕ್‌ಗೆ ತಿರುಗಿದರು. ಆಗ ಐದು ಸಾವಿರ ಕೋಟಿ ರೂಪಾಯಿಯ ಆಸುಪಾಸಿನಲ್ಲಿದ್ದ ಅಬಕಾರಿ ಆದಾಯಕ್ಕೆ 2024-25ರಲ್ಲಿ ಸರ್ಕಾರ ಇಟ್ಟುಕೊಂಡ ಗುರಿ 38,525 ಕೋಟಿ. ಒಂದು ಸಲ ಸರ್ಕಾರಕ್ಕೆ ಅಮಲಿನ ದುಡ್ಡಿನ ರುಚಿ ಹತ್ತಿದರೆ ಅಂಗಡಿ ಕಡಿಮೆ ಮಾಡುವ ಮಾತು ಭಾಷಣಕ್ಕೆ ಮಾತ್ರ. ಇದು ನನ್ನ ಅನುಭವದ ಮಾತು. ನಮ್ಮೂರಿನ ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆಯುವಷ್ಟರಲ್ಲಿ ನಾಲ್ಕು ಬೋರ್ಡ್ ಸಿಗುತ್ತವೆ.

ಆದ್ದರಿಂದ 'ಕಾನೂನುಬದ್ಧ ಮಾಡಬೇಕಾ ಬೇಡವಾ' ಎಂದು ಟೀವಿಯಲ್ಲಿ ಕಿರುಚಾಡುವಾಗ ನನಗೆ ಅರ್ಧ ಪ್ರಶ್ನೆ ಕೇಳಿದ ಹಾಗಿರುತ್ತದೆ. ಇದರಲ್ಲಿ ಹಲವು ಪ್ರಶ್ನೆ ಸೇರಿಕೊಂಡಿವೆ.

ಸೇದಿದವನನ್ನು ಏನು ಮಾಡಬೇಕು ಎನ್ನುವುದು ಒಂದು. 2019ರಲ್ಲಿ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ ಬಂತು. ದೇಶದಲ್ಲಿ ಸುಮಾರು 3.1 ಕೋಟಿ ಜನ ಹಿಂದಿನ ಒಂದು ವರ್ಷದಲ್ಲಿ ಭಾಂಗ್, ಗಾಂಜಾ, ಚರಸ್ ಯಾವುದಾದರೂ ಒಂದನ್ನು ಬಳಸಿದ್ದರು. ಅದರಲ್ಲಿ ಕಾನೂನಿನ ಹೊರಗಿನ ಗಾಂಜಾ, ಚರಸ್ ಬಳಸಿದವರು 1.3 ಕೋಟಿ. ಇಷ್ಟು ಜನರನ್ನು ಇಡಲು ಯಾವ ಜೈಲಿದೆ? ಸೇದಿದ್ದಕ್ಕೆ ಈಗಿರುವ ಶಿಕ್ಷೆ 6 ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಚಟ ಹತ್ತಿದವನು ತಾನಾಗಿ ಚಿಕಿತ್ಸೆಗೆ ಬಂದರೆ ಕೇಸು ಬಿಡುವ ಅವಕಾಶ 64ಎ ಸೆಕ್ಷನ್ನಿನಲ್ಲಿ ಇದೆ. ಅಪ್ಪ ಅಮ್ಮಂದಿರಿಗೆ ಇದು ಗೊತ್ತಿಲ್ಲ. ಕಾಲೇಜು ಹುಡುಗ ಸಿಕ್ಕಿಬಿದ್ದ ಎಂದ ಕೂಡಲೇ ಮರ್ಯಾದೆಗೆ ಅಂಜಿ ಬ್ರೋಕರ್ ಹುಡುಕುತ್ತಾರೆ. ನನ್ನ ಕೇಳಿದರೆ ಈ ಒಂದು ವಿಷಯದಲ್ಲಿ ಕಾನೂನು ಮೆದುವಾಗಬೇಕು, ದಂಡ ಹಾಕಿ ಆಸ್ಪತ್ರೆಗೆ ಕಳಿಸಿದರೆ ಸಾಕು.

ಅಂಗಡಿಯ ಪ್ರಶ್ನೆ ಬೇರೆ. ಅದಕ್ಕೆ ನನ್ನ ಉತ್ತರ ಬೇಡ. ವಾರಾಂತ್ಯ ಬಂದರೆ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಹೋಂಸ್ಟೇಗಳಲ್ಲಿ ಈಗಾಗಲೇ "ಸ್ವಲ್ಪ ಸೊಪ್ಪು ಸಿಗುತ್ತಾ ಅಣ್ಣಾ" ಎಂದು ಕೇಳುವ ಗಿರಾಕಿಗಳು ಬರುತ್ತಾರೆ. ಗೊತ್ತಿದ್ದೂ ಜಾಗ ಕೊಟ್ಟರೆ 25ನೇ ಸೆಕ್ಷನ್ ಪ್ರಕಾರ ಮನೆ ಮಾಲೀಕರಿಗೂ ಅದೇ ಶಿಕ್ಷೆ, ಇದನ್ನು ಹೋಂಸ್ಟೇಯವರು ಗೋಡೆಗೆ ಬರೆದು ಹಾಕಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಪ್ರಶ್ನೆ ನಾರಿನದು. ಅಮಲು ಇಲ್ಲದ ಹೆಂಪ್. ಗಾಂಜಾದ ಅಮಲಿಗೆ ಕಾರಣ ಟಿಎಚ್‌ಸಿ ಎಂಬ ಅಂಶ. ಅದು ಶೇ. 0.3ಕ್ಕಿಂತ ಕಡಿಮೆ ಇರುವ ತಳಿ ಬೆಳೆಯಲು ಉತ್ತರಾಖಂಡ 2018ರಲ್ಲಿ ಲೈಸೆನ್ಸ್ ಕೊಡಲು ಶುರು ಮಾಡಿತು, ದೇಶದಲ್ಲೇ ಮೊದಲು. ಹಿಮಾಚಲ ವಿಧಾನಸಭೆ 2024ರ ಸೆಪ್ಟೆಂಬರಿನಲ್ಲಿ ನಿಯಂತ್ರಿತ ಬೇಸಾಯಕ್ಕೆ ಒಪ್ಪಿಗೆ ಸೂಚಿಸಿತು. ಕಾಯ್ದೆಯ 10 ಮತ್ತು 14ನೇ ಸೆಕ್ಷನ್‌ನಲ್ಲಿ ಇದಕ್ಕೆ ದಾರಿ ಇದೆ. ನಾರು, ಎಣ್ಣೆ, ಔಷಧಿ ಎಂದು ಪಟ್ಟಿ ದೊಡ್ಡದು. ಆಯುರ್ವೇದದಲ್ಲಿ 'ವಿಜಯಾ' ಎಂಬ ಹೆಸರಿನಲ್ಲಿ ಎಲೆಯ ಔಷಧಿ ಈಗಲೂ ವೈದ್ಯರ ಚೀಟಿಯ ಮೇಲೆ ಸಿಗುತ್ತದೆ. ಇದಕ್ಕೆ ನನ್ನ ವಿರೋಧ ಇಲ್ಲ. ಆದರೆ ಬೆಳೆ ಬಂದ ಮೇಲೆ ಪರೀಕ್ಷೆಯಲ್ಲಿ 0.3ರ ಗೆರೆ ದಾಟಿದರೆ ಇಡೀ ಹೊಲ ನಾಶ ಮಾಡಬೇಕು. ಅದೇ ಗಿಡ, ನೋಡಲು ಅದೇ ರೂಪ. ಪರೀಕ್ಷೆ ಮಾಡುವ ಲ್ಯಾಬ್ ಎಲ್ಲಿದೆ, ನಾರು ಬಿಡಿಸುವ ಕಾರ್ಖಾನೆ ಎಲ್ಲಿದೆ, ಕೊಳ್ಳುವವರು ಯಾರು ಎಂದು ಕೇಳದೆ ಎಕರೆಗೆ ಲಕ್ಷದ ಲೆಕ್ಕ ಹಾಕುವವರು ವೆನಿಲ್ಲಾದ ಕಾಲ ಮರೆತಿದ್ದಾರೆ. ಹಸಿರು ಕಾಯಿಗೆ ಚಿನ್ನದ ಬೆಲೆ ಬಂದಾಗ ರಾತ್ರಿಯಿಡೀ ಬಳ್ಳಿಗೆ ಕಾವಲು ಕೂತಿದ್ದರು ನಮ್ಮ ಮಲೆನಾಡಿನವರು. ಎರಡು ವರ್ಷದ ನಂತರ ಬಳ್ಳಿಯನ್ನು ಕೇಳುವವರೂ ಇರಲಿಲ್ಲ.

ಗೌಡ್ರ ತೋಟದ ಆ ಎರಡು ಗಿಡಗಳನ್ನು ನೆಟ್ಟವರು ಯಾರು ಎಂದು ಕೊನೆಗೂ ಗೊತ್ತಾಗಲಿಲ್ಲ. ಅದಕ್ಕೂ ಹಿಂದಿನ ವರ್ಷ ಇದ್ದ ಆಳುಗಳು ಊರಿಗೆ ಹೋಗಿ ಆಗಿತ್ತು. ತಾನಾಗಿ ಬಿದ್ದು ಹುಟ್ಟಿದ್ದೂ ಇರಬಹುದು. ಮೊನ್ನೆ ಮತ್ತೆ ಹೋಗಿದ್ದೆ. ಬೆಂಗಳೂರಿನಲ್ಲಿರುವ ಮಗ ಅಪ್ಪನ ಆರೋಗ್ಯಕ್ಕೆ ಅಂತ ಏನೇನೋ ಕಾಳು ತಂದಿಟ್ಟಿದ್ದ. ಅದರಲ್ಲಿ ಒಂದು ಪ್ಯಾಕೆಟ್ ಮೇಲೆ 'ಹೆಂಪ್ ಸೀಡ್ಸ್' ಅಂತ ಬರೆದಿತ್ತು. 2021ರಿಂದ ಆಹಾರ ಸುರಕ್ಷತಾ ಪ್ರಾಧಿಕಾರ ಈ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರ ಎಂದು ಒಪ್ಪಿದೆ.

ಗೌಡ್ರು ಕನ್ನಡಕ ಏರಿಸಿ ಪ್ಯಾಕೆಟ್ ತಿರುಗಿಸಿ ನೋಡಿದರು.

"ಇದು ಅದೇನಾ?"

"ಅದೇ. ತಿನ್ನಬಹುದು, ಬಿತ್ತೋ ಹಾಗಿಲ್ಲ."

ಅವರು ಒಂದು ಚಮಚ ಮೊಸರಿಗೆ ಹಾಕಿಕೊಂಡರು. ಅಗಿಯುತ್ತಲೇ ಅಡುಗೆಮನೆ ಕಡೆ ತಿರುಗಿ ಕೂಗಿದರು. "ಏ ಸಾವಿತ್ರಿ, ಈ ತಟ್ಟೆ ತೊಳೆದ ನೀರು ಗೊಬ್ಬರದ ಗುಂಡಿ ಕಡೆ ಚೆಲ್ಲಬೇಡ್ವೇ."